ಫಿಲ್ಟರ್‌ಗೆ ಮುಂಚೆ ಹಸಿ ದನಿ

ಕಲಬುರಗಿ, 12 ಏಪ್ರಿಲ್ 2025, ಶನಿವಾರ

ಪಾಠ ರೆಕಾರ್ಡ್ ಮಾಡುವ ಲಿನಕ್ಸ್ ಲ್ಯಾಪ್‌ಟಾಪ್‌ನ ಮೈಕ್ ಇವತ್ತಿನ ಕೆಲಸ. ದೂರು ಎರಡು. ರೆಕಾರ್ಡಿಂಗ್ ಉದ್ದಕ್ಕೂ ಸುಯ್ ಎನ್ನುವ ಸದ್ದು; ಆನ್‌ಲೈನ್ ತರಗತಿಯಲ್ಲಿ ಮಾತು ಬಾವಿಯೊಳಗಿಂದ ಬಂದಂತೆ.

ಇಂಥ ಹೊತ್ತಲ್ಲಿ ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಾಕಲು ಅವಸರ ಬೇಡ. ಮೊದಲು ಯಾವ ಫಿಲ್ಟರೂ ಇಲ್ಲದ ಹಸಿ ದನಿ ಕೇಳಬೇಕು. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಎರೆಕಾರ್ಡ್ (arecord) ಎಂಬ ರೆಕಾರ್ಡಿಂಗ್ ಆಜ್ಞೆಗೆ 'ಹೈಫನ್ ಎಫ್ ಸಿಡಿ, ಹೈಫನ್ ಡಿ 10' ಎಂದು ಸೇರಿಸಿ ಫೈಲ್ ಹೆಸರು ಕೊಟ್ಟರೆ 10 ಸೆಕೆಂಡು ಸ್ಟೀರಿಯೊ ಧ್ವನಿ ಸಿಗುತ್ತದೆ: 16 ಬಿಟ್, 44,100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ದನಿ ಅಳೆಯುವುದು). ಮೊದಲ 5 ಸೆಕೆಂಡು ಸುಮ್ಮನಿರಬೇಕು, ಉಳಿದ 5 ಮಾತಾಡಬೇಕು. ಆ ಮೌನದ ಭಾಗವೇ ಅರ್ಧ ರೋಗ ಹೇಳಿಬಿಡುತ್ತದೆ.

ಇಲ್ಲಿ ಮೌನದಲ್ಲೂ ಸುಯ್ ಇತ್ತು. ಟರ್ಮಿನಲ್‌ನಲ್ಲೇ ಧ್ವನಿಯ ಮಟ್ಟ ಹೊಂದಿಸುವ ಆಲ್ಸಾಮಿಕ್ಸರ್ (alsamixer) ತೆರೆದು ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ, ಎಫ್4 ಒತ್ತಿ ಕ್ಯಾಪ್ಚರ್ (ರೆಕಾರ್ಡಿಂಗ್ ಮಟ್ಟದ) ಪುಟಕ್ಕೆ ಹೋದರೆ 'ಇಂಟರ್ನಲ್ ಮೈಕ್ ಬೂಸ್ಟ್' ತುದಿ ಮುಟ್ಟಿ 30 ಡೆಸಿಬೆಲ್‌ನಲ್ಲಿ ನಿಂತಿದೆ. ಬೂಸ್ಟ್ ದನಿಯನ್ನು ಡಿಜಿಟಲ್ ಆಗುವ ಮೊದಲೇ ಹಿಗ್ಗಿಸುತ್ತದೆ, ಜೊತೆಗೆ ಮೈಕ್‌ನ ಸ್ವಂತ ಗದ್ದಲವನ್ನೂ. ಗಟ್ಟಿಯಾಗಿ ಮಾತಾಡಿದಾಗ ಅಲ್ಲೇ ಒಡೆದ ದನಿ ಆಮೇಲೆ ಎಷ್ಟು ತಗ್ಗಿಸಿದರೂ ಕೂಡುವುದಿಲ್ಲ. ಬೂಸ್ಟ್ 10ಕ್ಕೆ ಇಳಿಸಿ, ಕ್ಯಾಪ್ಚರ್ ಸ್ವಲ್ಪ ಏರಿಸಿ, ಬಾಯಿಯನ್ನು ಮೈಕ್‌ಗೆ ಒಂದು ಗೇಣು ಹತ್ತಿರ ತಂದದ್ದಕ್ಕೆ ಸುಯ್ ಬಹುಪಾಲು ಹೋಯಿತು.

ಇಲ್ಲೇ ಬಹಳ ಜನ ಎಡವುತ್ತಾರೆ. ಎಷ್ಟೋ ಕಾರ್ಡ್‌ಗಳಲ್ಲಿ ಪಾವುಕಂಟ್ರೋಲ್ (pavucontrol) ಎಂಬ ಧ್ವನಿ ಹೊಂದಿಸುವ ಕಿಟಕಿಯ ಇನ್‌ಪುಟ್ ಸ್ಲೈಡರ್ ಏರಿಸಿದರೆ ಬೂಸ್ಟೂ ಅದರ ಬೆನ್ನಿಗೇ ಏರುತ್ತದೆ. ಕೆಲವು ಬ್ರೌಸರ್‌ಗಳು ತರಗತಿಯ ನಡುವೆ ತಾವೇ ಆ ಸ್ಲೈಡರ್ ಎಳೆದಾಡುತ್ತವೆ. ಹೊಂದಿಸಿದ್ದು ಕೆಟ್ಟರೆ ಕಾರ್ಡನ್ನು ಬೈಯುವ ಮುಂಚೆ ಮತ್ತೆ ಆಲ್ಸಾಮಿಕ್ಸರ್ ನೋಡಿ.

ಸುಯ್ ಅಲ್ಲದೆ ಗುಂಯ್ ಎಂಬ ದಪ್ಪ ಸದ್ದಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ. ನಿಂತಿತೆಂದರೆ ಅದು 50 ಹರ್ಟ್ಸ್ ಕರೆಂಟಿನ ಕಾಟ. ಅರ್ಥಿಂಗ್ ಸರಿಯಿರುವ ಮೂರು ಪಿನ್ ಸಾಕೆಟ್ ಹುಡುಕಬೇಕು.

ಬಾವಿಯ ದನಿಗೆ ಕಾರಣ ಬೇರೆ, ಸೂಕ್ಷ್ಮ. ಸ್ಟೀರಿಯೊ ರೆಕಾರ್ಡಿಂಗ್‌ನಲ್ಲಿ ಸರಿಯಿದ್ದ ಮಾತು ತರಗತಿಯಲ್ಲಿ ಮಾತ್ರ ಕರಗುತ್ತಿತ್ತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಡ ಚಾನೆಲ್‌ನ ಅಲೆ ಏರುವಾಗ ಬಲದ್ದು ಇಳಿಯುತ್ತದೆ. ತರಗತಿಯ ಆ್ಯಪ್ ಎರಡನ್ನೂ ಕೂಡಿಸಿ ಮೊನೊ (ಒಂದೇ ಚಾನೆಲ್) ಮಾಡಿದೊಡನೆ ಒಂದು ಇನ್ನೊಂದನ್ನು ನುಂಗುತ್ತದೆ. ಪಾವುಕಂಟ್ರೋಲ್‌ನ ಇನ್‌ಪುಟ್ ಡಿವೈಸಸ್ ಪುಟದಲ್ಲಿ ಎಡಬಲ ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟುವ ಬೀಗದ ಗುಂಡಿ ಬಿಡಿಸಿ ಬಲ ಚಾನೆಲ್ ಸೊನ್ನೆಗೆ ಇಳಿಸಿದ ಕೂಡಲೇ ಮಾತು ತುಂಬಿ ಬಂತು.

ಬ್ಲೂಟೂತ್ ಹೆಡ್‌ಸೆಟ್ ಇದ್ದವರಿಗೆ ಕತೆಯೇ ಬೇರೆ. ಹಾಡು ಕೇಳುವ ಎ2ಡಿಪಿ ಪ್ರೊಫೈಲ್‌ನಲ್ಲಿ ಮೈಕ್ ನಡೆಯುವುದಿಲ್ಲ. ಮಾತಿಗೆ ಎಚ್‌ಎಫ್‌ಪಿ ಎಂಬ ಕರೆಯ ಪ್ರೊಫೈಲ್‌ಗೆ ಬದಲಾಗಲೇಬೇಕು. ಅದರೊಳಗೆ ಸಿವಿಎಸ್‌ಡಿ ಕೊಡೆಕ್ (ದನಿಯನ್ನು ಕಿರಿದಾಗಿಸಿ ಕಳಿಸುವ ವಿಧಾನ) ಸಿಕ್ಕರೆ 8,000 ಹರ್ಟ್ಸ್, ಹಳೆ ಟೆಲಿಫೋನಿನ ಗುಣ. ಎಂಎಸ್‌ಬಿಸಿ ಸಿಕ್ಕರೆ 16,000. ಪಾವುಕಂಟ್ರೋಲ್‌ನ ಕಾನ್ಫಿಗರೇಷನ್ ಪುಟದಲ್ಲಿ ಎಂಎಸ್‌ಬಿಸಿ ಕಂಡರೆ ಅದನ್ನೇ ಆರಿಸಿ. ಪಾಠ ರೆಕಾರ್ಡ್ ಮಾಡಲು ನನ್ನ ಮತ ವೈರಿನ ಮೈಕ್‌ಗೇ.

ಉಳಿದದ್ದು ಕೋಣೆ. ನಮ್ಮ ಕಡೆಯ ಮನೆಗಳ ಶಹಾಬಾದ್ ಫರಸಿ, ಬರಿ ಗೋಡೆ ಸೇರಿದರೆ ದನಿ ಪುಟಿದು ಪುಟಿದು ಮೈಕ್‌ಗೆ ಮರಳುತ್ತದೆ. ಅದನ್ನು ಯಾವ ಸ್ಲೈಡರೂ ತೆಗೆಯದು. ನೆಲಕ್ಕೊಂದು ಕೌದಿ, ಮಾತಾಡುವವರ ಎದುರಿನ ಗೋಡೆಗೊಂದು ಕೌದಿ ಸಾಕು. ಈ ಬಿಸಿಲಿನಲ್ಲಿ ಫ್ಯಾನ್ ನಿಲ್ಲಿಸಿ ಎನ್ನುವುದು ಕಷ್ಟ. ಗಾಳಿ ನೇರ ಮೈಕ್‌ಗೆ ಬಡಿಯದ ಹಾಗೆ ಕೂತರೂ ವ್ಯತ್ಯಾಸ ಕೇಳಿಸುತ್ತದೆ.

ಇಷ್ಟಾದ ಮೇಲೆ ಉಳಿದ ಫ್ಯಾನ್ ಸದ್ದಿಗೆ ಈಸಿಎಫೆಕ್ಟ್ಸ್ ಎಂಬ ಧ್ವನಿ ಸಾಫ್ಟ್‌ವೇರ್‌ನಲ್ಲಿ ಗದ್ದಲ ತೆಗೆಯುವ ಆರ್‌ಎನ್‌ನಾಯ್ಸ್ ಫಿಲ್ಟರ್ ಹಾಕಿದೆವು. ಈಸಿಎಫೆಕ್ಟ್ಸ್, ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಪೈಪ್‌ವೈರ್ ಇರುವ ಯಂತ್ರಗಳಲ್ಲಿ ಮಾತ್ರ ಓಡುತ್ತದೆ. ಮತ್ತೆ 10 ಸೆಕೆಂಡು ರೆಕಾರ್ಡ್ ಮಾಡಿ ಕೇಳಿದರೆ, ಮೊದಲ 5 ಸೆಕೆಂಡು ಬರೀ ಮೌನ.