ಮಳೆ ಲೆಕ್ಕದ ಸರ್ವರಿಗೆ ಹಾಕಿದ ಗಡುವು

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿರುವ ಸಣ್ಣ ಮಳೆಮಾಪಕಗಳು ಮೊಬೈಲ್ ಜಾಲದ ಮೂಲಕ ಕಳುಹಿಸುವ ಅಂಕಿಗಳನ್ನು ಕೂಡಿಸಿಡುವ ಸರ್ವರ್ ಪ್ರೋಗ್ರಾಮೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆಯ ಬಿಡುವು ನೋಡುವ ಕೃಷಿಕರಿಗೆ ಈ ಅಂಕಿಗಳು ಬೇಕಾಗುವುದರಿಂದ, ಮಳೆಗಾಲದಲ್ಲಿ ಅದು ನಿಲ್ಲುವಂತಿಲ್ಲ. ಈ ಸಲ ನಿಂತಿತು. "ನಿನ್ನೆಯಿಂದ ಅಂಕಿಯೇ ಬರುದಿಲ್ಲ ಮಾರಾಯ್ರೇ" ಎಂದು ಪೆರ್ಲದ ಹಿರಿಯ ಕೃಷಿಕರೊಬ್ಬರು ಫೋನ್ ಮಾಡಿದ ಮೇಲೆ ನೋಡಿದರೆ ಪ್ರೊಸೆಸ್ ಓಡುತ್ತಲೇ ಇತ್ತು, ಸಿಪಿಯುಗೆ ಕೆಲಸವಿರಲಿಲ್ಲ, ಲಾಗಿನಲ್ಲಿ ದೋಷದ ಒಂದು ಸಾಲೂ ಇರಲಿಲ್ಲ. ಹೊಸ ಕನೆಕ್ಷನ್‌ಗೆ ಮಾತ್ರ ಉತ್ತರವಿಲ್ಲ.

ಪ್ರೋಗ್ರಾಮಿನ ರಚನೆ ಹಳೆಯದು: ಒಂದು ಕನೆಕ್ಷನ್‌ಗೆ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ಓಡುವ ಕೆಲಸದ ಎಳೆ), ಒಟ್ಟು 200 ಥ್ರೆಡ್‌ಗಳು. ಆ ಇನ್ನೂರೂ ಬೆರಳೆಣಿಕೆಯ ವಿಳಾಸಗಳಿಂದ ಬಂದ ಕನೆಕ್ಷನ್‌ಗಳ ಹಿಡಿತದಲ್ಲಿದ್ದವು. ಪ್ರತಿಯೊಂದೂ ಎಚ್‌ಟಿಟಿಪಿ ಹೆಡರಿನ (ವೆಬ್ ಕೋರಿಕೆಯ ಆರಂಭದ ಭಾಗದ) ಕೆಲವು ಸಾಲುಗಳನ್ನು ಕಳುಹಿಸಿ, ಹೆಡರ್ ಮುಗಿಯಿತೆಂದು ತಿಳಿಸುವ ಖಾಲಿ ಸಾಲನ್ನು ಮಾತ್ರ ಕಳುಹಿಸದೆ, ಆಗೊಮ್ಮೆ ಈಗೊಮ್ಮೆ ಇನ್ನೊಂದು ತುಣುಕನ್ನು ಸೇರಿಸುತ್ತಾ ಕುಳಿತಿತ್ತು. 2009ರಲ್ಲಿ ಸ್ಲೋಲೋರಿಸ್ ಎಂಬ ಹೆಸರಿನಲ್ಲಿ ಬಹಿರಂಗವಾದ ದಾಳಿಯ ವಿಧಾನ ಇದೇ. ಇದಕ್ಕೆ ದೊಡ್ಡ ಬ್ಯಾಂಡ್‌ವಿಡ್ತ್ ಬೇಡ; ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು.

ನಮ್ಮಲ್ಲಿ ಟೈಮ್‌ಔಟ್ ಇರಲಿಲ್ಲವೆಂದಲ್ಲ, 30 ಸೆಕೆಂಡಿನ ಟೈಮ್‌ಔಟ್ ಇತ್ತು. ಆದರೆ ಅದು ಸಾಕೆಟ್‌ನಿಂದ ಓದುವ ಪ್ರತಿ ಸಲಕ್ಕೆ ಬೇರೆ ಬೇರೆಯಾಗಿ ಅನ್ವಯಿಸುತ್ತಿದ್ದುದರಿಂದ, ಒಂದೇ ಒಂದು ಬೈಟ್ ಬಂದರೂ ಗಡಿಯಾರ ಮೊದಲಿನಿಂದ ಆರಂಭವಾಗುತ್ತಿತ್ತು. ಇಪ್ಪತ್ತೈದು ಸೆಕೆಂಡಿಗೊಂದು ಅಕ್ಷರ ಕಳುಹಿಸುವವನು ಹೀಗೆ ಇಡೀ ದಿನ ಥ್ರೆಡ್ ಹಿಡಿದಿಟ್ಟುಕೊಳ್ಳಬಲ್ಲ. ಬೇಕಾದದ್ದು ಪೂರ್ತಿ ಹೆಡರಿಗೆ ಒಂದೇ ಗಡುವು.

ಗಡುವನ್ನು ಐದು ಸೆಕೆಂಡಿಗೆ ಇಳಿಸಿ, ಒಂದು ಐಪಿ ವಿಳಾಸಕ್ಕೆ ಐದಾರು ಕನೆಕ್ಷನ್ ಮಾತ್ರ ಎಂದು ಕಟ್ಟುಮಾಡಿ ಎಂಬ ಸಲಹೆ ಕೂಡಲೇ ಬಂತು. ಊರಿನ ಪರಿಸ್ಥಿತಿಗೆ ಇವೆರಡೂ ಹೊಂದುವುದಿಲ್ಲ. ಮೊಬೈಲ್ ಕಂಪೆನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸುವುದರಿಂದ, ಒಂದು ವಿಳಾಸವನ್ನು ತಡೆದರೆ ಒಂದು ಗ್ರಾಮದ ಮಾಪಕಗಳೆಲ್ಲ ಹೊರಗುಳಿಯಬಹುದು. ಗಡುವಿನ ವಿಷಯವೂ ಹಾಗೆಯೇ. ಅಂತರ್ಜಾಲದಲ್ಲಿ ಮಾಹಿತಿ ತಲುಪಿಸುವ ಟಿಸಿಪಿ ಪದ್ಧತಿಯಲ್ಲಿ ಕಳೆದುಹೋದ ಪ್ಯಾಕೆಟನ್ನು (ಮಾಹಿತಿಯ ತುಣುಕನ್ನು) ಮತ್ತೆ ಕಳುಹಿಸುವ ಮೊದಲು ಕಾಯುವ ಸಮಯ ಪ್ರತಿ ಸೋಲಿಗೂ ಇಮ್ಮಡಿಯಾಗುತ್ತದೆ; ಆರಂಭದ ಕಾಯುವಿಕೆ ಒಂದೇ ಸೆಕೆಂಡ್ ಎಂದಿಟ್ಟುಕೊಂಡರೂ, ಒಂದು ಪ್ಯಾಕೆಟ್ ಸತತ ನಾಲ್ಕು ಬಾರಿ ಕಳೆದುಹೋದರೆ ಐದನೆಯ ಪ್ರಯತ್ನ ಹೊರಡುವುದು ಹದಿನೈದನೆಯ ಸೆಕೆಂಡಿನಲ್ಲಿ. ಗುಡ್ಡದ ಮರೆಯ ತೋಟದಲ್ಲಿ, ಗಾಳಿಮಳೆಯ ಹೊತ್ತಿನಲ್ಲಿ ಇದು ಅಪರೂಪವಲ್ಲ. ಆದ್ದರಿಂದ ಪೂರ್ತಿ ಹೆಡರಿಗೆ 40 ಸೆಕೆಂಡ್ ಕೊಟ್ಟೆ. ಅಪಾಚೆ ವೆಬ್ ಸರ್ವರಿನ ಮಾಡ್ ರಿಕ್‌ಟೈಮ್‌ಔಟ್ ಮಾಡ್ಯೂಲ್ ಕೂಡ ಹೆಡರಿಗೆ 20 ಸೆಕೆಂಡಿನಿಂದ ಆರಂಭಿಸಿ, ಪ್ರತಿ 500 ಬೈಟಿಗೆ ಒಂದು ಸೆಕೆಂಡ್ ಸೇರಿಸುತ್ತಾ, 40ರವರೆಗೆ ಬಿಡುತ್ತದೆ. ನಮ್ಮ ಮಾಪಕಗಳ ಹೆಡರ್ ತೀರಾ ಚಿಕ್ಕದಾದ್ದರಿಂದ ಆ ವೇಗದ ಲೆಕ್ಕ ಇಲ್ಲಿ ಅನವಶ್ಯಕ.

ಆದರೆ ಗಡುವೊಂದರಿಂದಲೇ ರಂಧ್ರ ಮುಚ್ಚಿತೆಂದು ತಿಳಿಯಬಾರದು. 200 ಥ್ರೆಡ್‌ಗಳನ್ನು 40 ಸೆಕೆಂಡಿನ ಗಡುವಿನಲ್ಲಿ ಸದಾ ತುಂಬಿಸಿಡಲು ಸೆಕೆಂಡಿಗೆ ಐದು ಹೊಸ ಕನೆಕ್ಷನ್‌ಗಳು ಸಾಕು. ನಿಜವಾದ ತೊಂದರೆಯಿದ್ದದ್ದು ಕಾಯುವುದಕ್ಕೆ ನಾವು ತೆರುತ್ತಿದ್ದ ಬೆಲೆಯಲ್ಲಿ: ಕೋರಿಕೆ ಪೂರ್ತಿಯಾಗುವ ಮೊದಲೇ ಅದಕ್ಕೊಂದು ಥ್ರೆಡ್ ಒಪ್ಪಿಸಿಬಿಡುತ್ತಿದ್ದೆವು. ಈಗ ಓದುವ ಕೆಲಸವನ್ನೆಲ್ಲ ಈಪೋಲ್ (ಯಾವ ಕನೆಕ್ಷನ್‌ನಲ್ಲಿ ಮಾಹಿತಿ ಬಂದಿದೆಯೆಂದು ತಿಳಿಸುವ ಲಿನಕ್ಸ್ ಸೌಲಭ್ಯ) ಬಳಸುವ ಒಂದೇ ಥ್ರೆಡ್ ಮಾಡುತ್ತದೆ, ಕೋರಿಕೆ ಪೂರ್ತಿ ಬಂದ ಮೇಲಷ್ಟೇ ಅದು ಕೆಲಸದ ಥ್ರೆಡ್ಡಿಗೆ ಹೋಗುತ್ತದೆ. ಕಾಯುವ ಕನೆಕ್ಷನ್ ತಿನ್ನುವುದು ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಕನೆಕ್ಷನ್‌ಗೆ ವ್ಯವಸ್ಥೆ ಕೊಡುವ ಸಂಖ್ಯೆ) ಮತ್ತು 4 ಕೆಬಿ ಬಫರ್ (ತಾತ್ಕಾಲಿಕ ಮೆಮೊರಿ); ಹತ್ತು ಸಾವಿರ ಮಂದಿ ಕಾದರೂ ಬಫರ್ ಲೆಕ್ಕದಲ್ಲಿ ಸುಮಾರು 40 ಎಂಬಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಈ ದಾಳಿಯನ್ನು ಚೆನ್ನಾಗಿ ತಾಳಿಕೊಳ್ಳುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ. ಅದನ್ನೇ ನಮ್ಮ ಪ್ರೋಗ್ರಾಮಿನ ಮುಂದಿಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಆದರೆ ಹಳೆಯ ಮಾಪಕಗಳು ಎಚ್‌ಟಿಟಿಪಿಯಲ್ಲದ ಸರಳ ಪದ್ಧತಿಯಲ್ಲಿ ಅದೇ ಪೋರ್ಟಿಗೆ ಬರುತ್ತವೆ.

ಇಲ್ಲಿ ಇನ್ನೊಂದು ಹೊಂಡವಿದೆ. ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್‌ಗೆ ಸಾಮಾನ್ಯವಾಗಿ ಸಿಗುವ ಡಿಸ್ಕ್ರಿಪ್ಟರ್ ಮಿತಿ 1024. ಅವು ಮುಗಿದಾಗ ಹೊಸ ಕನೆಕ್ಷನ್ ಸ್ವೀಕರಿಸುವ ಕರೆ ದೋಷ ಹಿಂದಿರುಗಿಸುತ್ತದೆ, ಆದರೆ ಕನೆಕ್ಷನ್ ಸಾಲಿನಲ್ಲೇ ಉಳಿಯುವುದರಿಂದ ಈಪೋಲ್ ಕೂಡಲೇ ಮತ್ತೆ ಎಚ್ಚರಿಸುತ್ತದೆ. ಪ್ರೋಗ್ರಾಮ್ ಸುಮ್ಮನೆ ಸುತ್ತುತ್ತಾ ಸಿಪಿಯು ಪೂರ್ತಿ ನುಂಗುತ್ತದೆ. ಮಿತಿಯನ್ನು ಏರಿಸಿದ್ದಲ್ಲದೆ, ಅದು ತುಂಬುವ ಮೊದಲೇ, ಹೆಡರ್ ಮುಗಿಸದೆ ಎಲ್ಲಕ್ಕಿಂತ ಹೆಚ್ಚು ಕಾಲ ಕಾದಿರುವ ಕನೆಕ್ಷನನ್ನು ಮುಚ್ಚುವಂತೆ ಬರೆದೆ. ಅದರಲ್ಲಿ ಪ್ರಾಮಾಣಿಕ ಮಾಪಕವೊಂದು ಸಿಕ್ಕಿಬಿದ್ದರೂ ಅದು ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಮರುಪ್ರಯತ್ನ ಮಾಡುತ್ತದೆ.

ಪರೀಕ್ಷೆಯನ್ನು ನನ್ನ ಯಂತ್ರದೊಳಗೇ ಮಾಡಿದೆ. ಬೇರೆಯವರ ಸರ್ವರಿನ ಮೇಲೆ ಅನುಮತಿಯಿಲ್ಲದೆ ಹೀಗೆ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43ನೇ ಕಲಮಿನ ಅಡಿ ಬರುತ್ತದೆ. ಅರ್ಧ ಹೆಡರ್ ಕಳುಹಿಸುವ ಸಾವಿರಾರು ಕನೆಕ್ಷನ್‌ಗಳನ್ನು ಒಂದು ಸ್ಕ್ರಿಪ್ಟಿನಿಂದ ತೆರೆದು, ಜೊತೆಗೆ ಜಾಲದ ತೊಂದರೆಗಳನ್ನು ಅನುಕರಿಸುವ ನೆಟ್‌ಎಮ್ ಬಳಸಿ ವಿಳಂಬವನ್ನೂ ಪ್ಯಾಕೆಟ್ ನಷ್ಟವನ್ನೂ ಬೆರೆಸಿ, ಸುಳ್ಳು ಮಾಪಕಗಳಿಂದ ಅಂಕಿ ಕಳುಹಿಸಿದೆ. ದಾಳಿಯನ್ನು ಮಾತ್ರ ಪರೀಕ್ಷಿಸಿ ಕೆಟ್ಟ ಸಿಗ್ನಲನ್ನು ಪರೀಕ್ಷಿಸದಿದ್ದರೆ, ಐದು ಸೆಕೆಂಡಿನ ಗಡುವೂ ಉತ್ತಮವಾಗಿಯೇ ಕಾಣುತ್ತಿತ್ತು. ಹೊಸ ಆವೃತ್ತಿ ಈಗ ಓಡುತ್ತಿದೆ. ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಗೂಢಲಿಪಿಯ ಸಂಪರ್ಕ ಕುದುರಿಸುವ) ಹಂತಕ್ಕೆ ಇನ್ನೂ ಪ್ರತ್ಯೇಕ ಗಡುವಿಲ್ಲ, ಅಲ್ಲಿ ಅರ್ಧಕ್ಕೆ ನಿಲ್ಲುವವರನ್ನೂ ಮುಚ್ಚಬೇಕಾದ ಕನೆಕ್ಷನ್‌ಗಳ ಇದೇ ಪಟ್ಟಿಗೆ ಸೇರಿಸುವ ತಿದ್ದುಪಡಿಯನ್ನು ಬರೆಯುತ್ತಿದ್ದೇನೆ.