14 ಮೀಟರ್ ರಸ್ತೆ, 20 ಸೆಕೆಂಡ್

ಟ್ರಾಫಿಕ್ ಇಂಜಿನಿಯರಿಂಗ್ ಓದ್ತಿದೀನಿ ಅಂದ್ರೆ ಎಲ್ರೂ ಕೇಳೋದು ಒಂದೇ, ರಸ್ತೆ ಅಗಲ ಮಾಡ್ಬಿಟ್ರೆ ಆಯ್ತಲ್ವಾ, ಅದಕ್ಕೂ ಒಂದು ಡಿಗ್ರಿ ಬೇಕಾ ಅಂತ.

ಸಿಗ್ನಲ್ ಡಿಸೈನ್ ಪಾಠದಲ್ಲಿ ವೆಬ್‌ಸ್ಟರ್ ಅನ್ನೋರು 1958ರಲ್ಲಿ ಕೊಟ್ಟ ಸೂತ್ರ ಬರುತ್ತೆ, ಸಿಗ್ನಲ್‌ನ ಒಂದು ಸೈಕಲ್, ಅಂದ್ರೆ ಒಂದು ಹಸಿರಿಂದ ಮತ್ತೆ ಅದೇ ಹಸಿರು ಬರೋವರೆಗಿನ ಸುತ್ತು, ಎಷ್ಟು ಸೆಕೆಂಡ್ ಇರ್ಬೇಕು ಅಂತ ಹೇಳೋ ಸೂತ್ರ. ಬರೋ ಗಾಡಿಗಳು ರಸ್ತೆಯ ತಾಕತ್ತಿನಲ್ಲಿ ಎಷ್ಟು ಭಾಗ ತಿಂತಿವೆ ಅನ್ನೋದೇ ಅದರ ಜೀವಾಳ. ಒಂದು ಸೈಕಲ್‌ನಲ್ಲಿ ಯಾವ ಗಾಡಿನೂ ಸಾಗದೆ 10 ಸೆಕೆಂಡ್ ಪೋಲಾಗುತ್ತೆ ಅಂದ್ಕೊಳ್ಳಿ, ಆ ಭಾಗ 0.6 ಇದ್ರೆ ಸೈಕಲ್ 50 ಸೆಕೆಂಡ್, 0.8 ಆದ್ರೆ 100, 0.9 ಆದ್ರೆ 200! ಸ್ವಲ್ಪ ಗಾಡಿ ಜಾಸ್ತಿ ಆದ್ರೂ ಕಾಯೋದು ಯಾಕೆ ಅಷ್ಟೊಂದು ಏರುತ್ತೆ ಅಂತ ಅವತ್ತು ಅರ್ಥ ಆಯ್ತು, ತುಂಬಾ ಖುಷಿ ಆಗಿತ್ತು.

ಆಮೇಲೆ ಒಂದು ಜಂಕ್ಷನ್‌ನಲ್ಲಿ ಗಾಡಿ ಎಣಿಸೋ ಸರ್ವೇಗೆ ಹೋದ್ವಿ. 15 ನಿಮಿಷಕ್ಕೊಂದು ಶೀಟು, ನಾಲ್ಕು ಗೆರೆ ಎಳೆದು ಐದನೇದು ಅಡ್ಡ ಹೊಡೆಯೋದು, ನನ್ನ ಪಾಲಿಗೆ ತಿರುಗೋ ಬೈಕುಗಳು. ಆಗ ಒಬ್ರು ಅಜ್ಜಿ ದಾಟೋಕೆ ಶುರು ಮಾಡಿದ್ರು, ಸುಮ್ನೆ ಸ್ಟಾಪ್‌ವಾಚ್ ಒತ್ತಿದೆ. ದಾಟೋರ ನಡಿಗೆ ಸೆಕೆಂಡಿಗೆ 1.2 ಮೀಟರ್ ಅಂತ ಸಾಮಾನ್ಯವಾಗಿ ಹಿಡಿತಾರೆ, ಆ ಲೆಕ್ಕಕ್ಕೆ 14 ಮೀಟರ್ ರಸ್ತೆಗೆ 12 ಸೆಕೆಂಡ್ ಸಾಕು. 12 ಆದಾಗ ಅವರು ಮಧ್ಯದ ಗೆರೆ ಈಗಷ್ಟೇ ದಾಟಿದ್ರು, ಗಾಡಿಗಳು ಹೊರಟೇಬಿಟ್ವು, ಅವರು ಒಂದು ಕೈ ಅಡ್ಡ ಹಿಡ್ಕೊಂಡೇ ನಡೆದ್ರು, ಆಚೆ ಬದಿ ಮುಟ್ಟಿದಾಗ 20 ಸೆಕೆಂಡ್. ಶೀಟ್‌ನಲ್ಲಿ ಅವರನ್ನ ಬರೆಯೋಕೆ ಕಾಲಮ್ಮೇ ಇರ್ಲಿಲ್ಲ. ವೆಬ್‌ಸ್ಟರ್ ಸೂತ್ರ ಕಮ್ಮಿ ಮಾಡೋಕೆ ನೋಡೋದೂ ಗಾಡಿಗಳು ಕಾಯೋ ಹೊತ್ತನ್ನ ಮಾತ್ರ, ದಾಟೋರ ಹೊತ್ತನ್ನ ನಾವೇ ಬೇರೆ ಲೆಕ್ಕ ಹಾಕಿ ಸೇರಿಸ್ಬೇಕು.

ರಸ್ತೆ ಅಗಲ ಮಾಡಿ ಅನ್ನೋರಿಗೆ ಈಗ ಇದನ್ನೇ ಹೇಳ್ತೀನಿ. ಇನ್ನೆರಡು ಲೇನ್ ಸೇರಿಸಿದ್ರೆ 21 ಮೀಟರ್, ಆ ಅಜ್ಜಿಗೆ 30 ಸೆಕೆಂಡ್ ಬೇಕು, ಅಷ್ಟೂ ಹೊತ್ತು ಗಾಡಿಗೆ ಕೆಂಪು.

ಅದೇ ಜಂಕ್ಷನ್ನನ್ನ ಪ್ರಾಜೆಕ್ಟ್‌ಗೆ ತಗೊಂಡಿದೀನಿ. ನಾಲ್ಕು ಲೇನ್‌ನ ತಲಾ 3.5ರಿಂದ 3 ಮೀಟರ್‌ಗೆ ಇಳಿಸಿದ್ರೆ ಮಧ್ಯ 2 ಮೀಟರ್ ಉಳಿಯುತ್ತೆ, ಅಲ್ಲೊಂದು ಕಟ್ಟೆ ಕಟ್ಟಿದ್ರೆ ಅಜ್ಜಿ 6 ಮೀಟರ್ ದಾಟಿ ನಿಂತು ಸುಧಾರಿಸ್ಕೊಂಡು ಮತ್ತೆ 6 ಮೀಟರ್ ದಾಟ್ಬೋದು, ಒಂದೊಂದಕ್ಕೆ 9 ಸೆಕೆಂಡ್. ನಾಳೆ ಡ್ರಾಯಿಂಗ್ ತಗೊಂಡು ಮೇಷ್ಟ್ರ ಹತ್ರ ಹೋಗ್ತೀನಿ.