ಕಾಸರಗೋಡಿನಲ್ಲಿ ಕೋಟೆ ಬಿಟ್ಟರೆ ನೋಡಲಿಕ್ಕೇನುಂಟು?

ಬೆಂಗಳೂರಿನ ಗೆಳೆಯರು, ಮೈಸೂರಿನ ನೆಂಟರು, ಬೇಕಲಕ್ಕೆ ಬಂದು ಹೋದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಕೊಚ್ಚಿಯಲ್ಲಿ ಸುಮ್ಮನೆ ನಡೆದರೂ ಗೋಡೆಗೊಂದು ಚಿತ್ರ, ಮೂಲೆಗೊಂದು ಶಿಲ್ಪ. ನಿಮ್ಮ ಪೇಟೆಯಲ್ಲಿ ಅಂಥದ್ದೇನೂ ಇಲ್ವಾ?"

ಕೊಚ್ಚಿಗೆ 2012ರಿಂದ ಬಿನಾಲೆ ಎಂಬ ದೊಡ್ಡ ಕಲಾಮೇಳ ಉಂಟು, ಅದಕ್ಕೆಂದೇ ಬರುವ ಜನ ಉಂಟು. ನಮ್ಮಲ್ಲಿ ಅದ್ಯಾವುದೂ ಇಲ್ಲ. ಆದರೂ ನಡೆಯುವವರಿಗೆ ಇಲ್ಲಿ ನೋಡಲಿಕ್ಕೆ ಬೇಕಾದಷ್ಟು ಉಂಟು ಎನ್ನುವುದೇ ನನ್ನ ಉತ್ತರ. ಒಂದು ವಿಷಯ ಗೊತ್ತಿದ್ದರೆ ಸಾಕು. ನಮ್ಮ ಬೀದಿಯ ಚಿತ್ರಕ್ಕೆ ಯಾವಾಗಲೂ ಒಬ್ಬ ವಾರಸುದಾರ ಇರುತ್ತಾನೆ: ಪಕ್ಷ, ಕ್ಲಬ್ಬು, ಇಲ್ಲವೇ ಉತ್ಸವ ಸಮಿತಿ. ಇಲ್ಲಿನ ಗೋಡೆಗಳನ್ನು ಪಹಣಿ ಓದಿದ ಹಾಗೆ ಓದಬೇಕು.

ಪೇಟೆಯಿಂದ ನೆಲ್ಲಿಕುಂಜೆಗೋ ಅಣಂಗೂರಿಗೋ ಯಾವ ಒಳರಸ್ತೆ ಹಿಡಿದರೂ ಆದೀತು. ಚುನಾವಣೆಗೆ ಇನ್ನೂ ತಿಂಗಳುಗಳಿರುವಾಗಲೇ ಯಾರದೋ ಕಂಪೌಂಡ್ ಗೋಡೆಗೆ ಸುಣ್ಣ ಬಿದ್ದಿರುತ್ತದೆ. ಮೂಲೆಯಲ್ಲಿ ಪಕ್ಷದ ಹೆಸರು, ಇಸವಿ, 'ಬುಕ್ಡ್' ಎಂಬ ಬರಹ. ಅಭ್ಯರ್ಥಿ ಯಾರೆಂದು ಪಕ್ಷಕ್ಕೇ ಗೊತ್ತಿರುವುದಿಲ್ಲ, ಗೋಡೆ ಮಾತ್ರ ತಯಾರು! ಹಾಗೆ ಬುಕ್ ಆದ ಗೋಡೆಯನ್ನು ಎದುರು ಪಕ್ಷದವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೆಸರು ಘೋಷಣೆಯಾದ ಮೇಲೆ ಪೈಂಟರ್ ಬರುತ್ತಾನೆ. ಸುತ್ತಿಗೆ, ಕೈ, ಏಣಿ, ತಾವರೆ ಎಲ್ಲವೂ ಅವನ ಬೆರಳ ತುದಿಯಲ್ಲಿ.

ಹತ್ತಿರ ಹೋಗಿ ಅಕ್ಷರ ನೋಡಿ. ಇಲ್ಲಿ ಹೆಸರನ್ನು ಮಲಯಾಳದಲ್ಲೂ ಕನ್ನಡದಲ್ಲೂ ಬರೆಯಬೇಕು. ಮಲಯಾಳ ಬರೆದು ಕೈ ಪಳಗಿದವನು ಕನ್ನಡವನ್ನು ಚೀಟಿ ನೋಡಿಕೊಂಡು ಬರೆಯುತ್ತಾನೆ. ತಲೆಕಟ್ಟು ಸುರುಳಿಯಾಗುತ್ತದೆ, ಒತ್ತಕ್ಷರ ಕೆಳಗೆ ಜಾಗ ಸಾಲದೆ ಪಕ್ಕಕ್ಕೆ ಸರಿಯುತ್ತದೆ, ದೀರ್ಘ ಕೆಲವೊಮ್ಮೆ ಮರೆತೇ ಹೋಗುತ್ತದೆ. ನಮ್ಮ ಕನ್ನಡ ಹೋರಾಟಗಾರರಿಗೆ ಇದನ್ನು ಕಂಡರೆ ಸಿಟ್ಟು. ನನಗೆ ಈ ಅಕ್ಷರಗಳ ಮೇಲೆ ಸ್ವಲ್ಪ ಪ್ರೀತಿಯೇ. ಫ್ಲೆಕ್ಸ್ ಬೋರ್ಡಿನಲ್ಲಿ ಎಲ್ಲ ಊರಿನ ಅಕ್ಷರವೂ ಒಂದೇ. ಮುರಕಲ್ಲಿನ ಗೋಡೆಯಾದರೆ ಒಂದೆರಡು ಮಳೆಗಾಲದಲ್ಲಿ ಗಾರೆ ಉದುರುತ್ತದೆ, ಕೆಂಪು ಕಲ್ಲಿನ ತೂತುಗಳು ಹೆಸರಿನ ನಡುವೆ ಇಣುಕುತ್ತವೆ. ಹಿಂದಿನ ಚುನಾವಣೆಯಲ್ಲಿ ಸೋತವರ ಅರ್ಧ ಹೆಸರು ಹೀಗೆ ಎಷ್ಟೋ ಗೋಡೆಗಳಲ್ಲಿ ಉಳಿದುಕೊಂಡಿರುತ್ತದೆ. ಇಷ್ಟೆಲ್ಲ ಗಲಾಟೆ ಯಾಕೆ ಎನ್ನುವವರು 2016ರ ಮಂಜೇಶ್ವರದ ಫಲಿತಾಂಶ ನೆನಪಿಸಿಕೊಳ್ಳಬಹುದು. ಅಲ್ಲಿ ಗೆಲುವಿನ ಅಂತರ 89 ಮತ.

ಫುಟ್ಬಾಲ್ ವಿಶ್ವಕಪ್ ಬಂದರೆ ಪಕ್ಷಗಳಿಗೆ ರಜೆ. ಆಗ ಗೋಡೆ ಅರ್ಜೆಂಟೀನಾ, ಬ್ರೆಜಿಲಿನದ್ದು, ಕಂಬ ಮೆಸ್ಸಿಯ ಕಟೌಟಿನದ್ದು.

ಜಿಲ್ಲೆಯ ತೆಂಕಣಕ್ಕೆ ಹೋದ ಹಾಗೆ ನಾಲ್ಕು ದಾರಿ ಕೂಡುವಲ್ಲಿ ಕಮ್ಯುನಿಸ್ಟ್ ಹುತಾತ್ಮರ ಕೆಂಪು ಬಣ್ಣದ ಸ್ತೂಪಗಳು, ಧ್ವಜಕಂಬಗಳು ಹೆಚ್ಚುತ್ತವೆ. ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ನೆನಪಿನ ಸೀಮೆ ಅದು. ಕಲೆಯೆಂದು ನೋಡಿದರೆ ಆ ಸ್ತೂಪಗಳಲ್ಲಿ ಹೆಚ್ಚಿನವು ಸಾಧಾರಣ. ಆದರೆ ಬಸ್ಸಿಗೆ ಕಾಯುವವರು ಅದರ ಕಟ್ಟೆಯ ಮೇಲೆಯೇ ಪೇಪರ್ ಓದುತ್ತಾರೆ. ನಮ್ಮ ಎಷ್ಟೋ ಪ್ರತಿಮೆಗಳ ಸುತ್ತ ಕಬ್ಬಿಣದ ಬೇಲಿ ಇರುವುದನ್ನು ನೆನೆದರೆ ಇದೇ ವಾಸಿ.

ಶಿಲ್ಪವೇ ಬೇಕು ಎನ್ನುವವರನ್ನು ನಾನು ವಿದ್ಯಾನಗರಕ್ಕೆ ಕಳಿಸುತ್ತೇನೆ. ಅಲ್ಲಿ ಜಿಲ್ಲಾ ಪಂಚಾಯತಿನ ಆವರಣದಲ್ಲಿ ಕಾನಾಯಿ ಕುಂಞಿರಾಮನ್ ಅವರ ತಾಯಿ ಮತ್ತು ಮಗು ಉಂಟು. ಕಾನಾಯಿಯವರು ಇದೇ ಜಿಲ್ಲೆಯ ಚೆರುವತ್ತೂರಿನ ಕಡೆಯವರು, ಮದ್ರಾಸಿನಲ್ಲಿ ಕಲಿತು ಲಂಡನಿನ ಸ್ಲೇಡ್ ಕಲಾಶಾಲೆಗೂ ಹೋಗಿ ಬಂದವರು. 1969ರಲ್ಲಿ ಮಲಂಪುಳ ಅಣೆಕಟ್ಟಿನ ತೋಟದಲ್ಲಿ ಬೆತ್ತಲೆ ಯಕ್ಷಿಯನ್ನು ಕೂರಿಸಿ ಕೇರಳವನ್ನೇ ಗದ್ದಲಕ್ಕೆಬ್ಬಿಸಿದ ಶಿಲ್ಪಿ. ತವರಿಗೆ ಅವರು ಮಾಡಿಕೊಟ್ಟದ್ದು ಎಂಡೋಸಲ್ಫಾನ್ ತಾಯಿಯನ್ನು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಈ ಕೀಟನಾಶಕದ ವಿಷ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರಿನ ಮನೆಗಳಲ್ಲಿ ಏನು ಮಾಡಿತು ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ.

ಈ ಶಿಲ್ಪದ ಕೆಲಸವೂ ವರ್ಷಗಟ್ಟಲೆ ಅರ್ಧಕ್ಕೆ ನಿಂತು ಆಮೇಲೆ ಮುಗಿದದ್ದು. ಅದರ ಜಾಗದ ಬಗ್ಗೆ ನನಗೆ ತಕರಾರುಂಟು ಎಂದು ಮೊದಲು ಅಂದುಕೊಂಡಿದ್ದೆ: ಇಂಥದ್ದು ಪೇಟೆಯ ನಡುವೆ ಇರಬೇಡವೇ, ಕಚೇರಿಯ ಅಂಗಳದಲ್ಲಿ ಯಾರು ನೋಡುತ್ತಾರೆ? ಈಗ ಅಲ್ಲಿರುವುದೇ ಸರಿ ಅನಿಸುತ್ತದೆ. ಪಿಂಚಣಿಯ ಅರ್ಜಿ, ಸಂತ್ರಸ್ತರ ಪಟ್ಟಿಯಿಂದ ಬಿಟ್ಟುಹೋದ ಮಗುವಿನ ಹೆಸರು, ವೈದ್ಯಕೀಯ ಸರ್ಟಿಫಿಕೇಟು ಎಂದು ಆ ತಾಯಂದಿರು ಅಲೆದದ್ದು ಇಂಥ ಕಚೇರಿಗಳಿಗೇ ತಾನೆ? ಫೈಲಿಗೆ ಸಹಿ ಹಾಕುವವರೂ ದಿನಾ ಬೆಳಿಗ್ಗೆ ಅದರ ಮುಂದೆಯೇ ಹಾದು ಒಳಗೆ ಹೋಗಲಿ. ಇಡೀ ಪೇಟೆಯಲ್ಲಿ ಯಾರೂ ಬುಕ್ ಮಾಡಲಾಗದ್ದು ಅದೊಂದೇ.

"ಹಳೆಯ ಕಲ್ಲಿನ ಕೆತ್ತನೆ?" ಎಂದೂ ಕೇಳುತ್ತಾರೆ. ಮುರಕಲ್ಲು ಒರಟು, ಉಳಿ ತಾಗಿದರೆ ಪುಡಿಯಾಗಿ ಉದುರುತ್ತದೆ. ಬೇಲೂರಿನ ನವಿರು ಅದರಲ್ಲಿ ಮೂಡುವುದಿಲ್ಲ. ಹಾಗಾಗಿ ಇಲ್ಲಿನ ಕುಸುರಿಯೆಲ್ಲ ಮರದ್ದು. ಮಧೂರಿಗೆ ಹೋದರೆ ಗಣಪತಿಗೆ ಕೈಮುಗಿದು ತಲೆಯೆತ್ತಿ ಮರದ ರಾಮಾಯಣವನ್ನೂ ನೋಡಿ ಬನ್ನಿ. ಗರ್ಭಗುಡಿಯ ಗಜಪೃಷ್ಠ ಆಕಾರವನ್ನು, ಅಂದರೆ ಆನೆಯ ಹಿಂಭಾಗದಂಥ ದುಂಡನ್ನು, ಹಿಂದಿನಿಂದ ಒಂದು ಸುತ್ತು ಬಂದು ನೋಡಿದರೆ ಚೆನ್ನ.

ಇತ್ತೀಚೆಗೆ ಎಲ್ಲ ಊರಲ್ಲೂ ಸೌಂದರ್ಯೀಕರಣದ ಹೆಸರಿನಲ್ಲಿ ಸರ್ಕಾರಿ ಗೋಡೆಗಳಿಗೆ ತೆಯ್ಯದ ಮುಖ, ಯಕ್ಷಗಾನದ ಕಿರೀಟ ಬಳಿಯುವ ಉತ್ಸಾಹ ಹೆಚ್ಚಿದೆ. ಫೋಟೋಗೆ ಚಂದವೇ. ನನಗೆ ಮಾತ್ರ ಅದರ ಮುಂದೆ ನಿಲ್ಲಬೇಕೆಂದು ಅನಿಸುವುದಿಲ್ಲ. ತೆಯ್ಯದ ಮುಖ ನೋಡಬೇಕೆಂದಿದ್ದರೆ ಪತ್ತನಾಜೆಯ ಒಳಗೆ, ಅಂದರೆ ಮೇ ತಿಂಗಳ ಕೊನೆಗೆ ಕೋಲಗಳು ನಿಲ್ಲುವ ಮೊದಲು ಬನ್ನಿ. ಬಣ್ಣಗಾರ ವೇಷ ಕಟ್ಟುವ ಚೌಕಿಯ ನೆಲದ ಮೇಲೆ ಮಲಗಿದವನ ಮುಖಕ್ಕೆ ತೆಂಗಿನ ಗರಿಯ ಕಡ್ಡಿಯಿಂದ ಗೆರೆ ಎಳೆಯುವುದನ್ನು ಪಕ್ಕದಲ್ಲೇ ಕೂತು ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಫ್ಲಾಶ್ ಮಾತ್ರ ಹಾಕಬೇಡಿ.